ಇಲ್ಲದ ಶಾರ್ಕಿನ ಹಲ್ಲು

"ಕೈ ಒಡ್ಡು," ಅಂದಳು ಅಕೋಯಾ.

ಒಡ್ಡಿದೆ. ಹೆಣದ ಕುತ್ತಿಗೆಗೂ ಹೆಗಲಿಗೂ ನಡುವಿನ ಗಾಯದೊಳಗೆ ಎರಡು ಬೆರಳು ಹಾಕಿ ಅವಳು ಎಳೆದು ತೆಗೆದದ್ದು ನನ್ನ ಅಂಗೈ ಮೇಲೆ ತಣ್ಣಗೆ ಬಿತ್ತು.

ಶಾರ್ಕಿನ ಹಲ್ಲು.

ಹೊರಗೆ ಹೆಂಗಸರ ಅಳು ಏರಿ ಇಳಿಯುತ್ತಿತ್ತು. ಒಳಗೆ ನಾನು, ನನ್ನ ಹೆಂಡತಿ, ಚಾಪೆಯ ಮೇಲೆ ತೆಬಾನೊ. ನಿನ್ನೆ ಸಂಜೆ ಅವನ ಹೆಣವನ್ನು ಕೆಸು ಬೆಳೆಯುವ ಕೆಸರುಗುಂಡಿಯಿಂದ ಎತ್ತಿ ತಂದಾಗಿನಿಂದ ಊರೆಲ್ಲ ಒಂದೇ ಹೆಸರು ಹೇಳುತ್ತಿತ್ತು: ಪಕ್ಕದ ಗುಂಡಿಯ ಒಡೆಯ ತಬೋಯಾ.

ಹೆಣ ತೊಳೆಯುವುದು ಅಕೋಯಾಳ ತವರಿನವರ ಹಕ್ಕು. ತೊಳೆಯುವಾಗ ಅವಳು ಹೆಣದ ಜೊತೆ ಮಾತಾಡುತ್ತಾಳೆ. ಬದುಕಿರುವ ಗಂಡನ ಜೊತೆ ಇಷ್ಟು ಮಾತಾಡಿದ್ದರೆ ಆಗುತ್ತಿತ್ತು ಅಂತ ನಾನು ಅಂದರೆ, "ಅವರು ಸುಳ್ಳು ಹೇಳಲ್ಲ, ನೀನು ಹೇಳ್ತೀಯ" ಅನ್ನುತ್ತಾಳೆ. ಈ ಮಾತುಕತೆಯಿಂದ ಅವಳು ಹಿಂದೆ ಎರಡು ಸಲ ಊರಿನ ತೀರ್ಪು ತಿರುಗಿಸಿದ್ದಾಳೆ.

"ನೋಡಿ ಹೇಳು ಬಕೋವ. ಇದು ತಬೋಯಾನ ಕತ್ತೀದಾ?"

ಹಲ್ಲನ್ನು ಬೆಳಕಿಗೆ ಹಿಡಿದೆ. ನಮ್ಮ ದ್ವೀಪದಲ್ಲಿ ಎಲ್ಲರ ಕತ್ತಿಯೂ ಒಂದೇ ಬಗೆ. ತೆಂಗಿನ ಮರದ ಅಲಗು, ಎರಡೂ ಅಂಚಿಗೆ ಶಾರ್ಕ್ ಹಲ್ಲಿನ ಸಾಲು, ಒಂದೊಂದು ಹಲ್ಲಿಗೂ ತೂತು ಕೊರೆದು ನಾರು ಮತ್ತು ತಲೆಗೂದಲು ಹೊಸೆದ ದಾರದಿಂದ ಬಿಗಿದದ್ದು. ತಬೋಯಾನ ಕತ್ತಿಯ ಹಲ್ಲು ಸಣ್ಣದು, ಒಂದು ಕಡೆಗೆ ಬಾಗಿದ್ದು. ಹವಳದ ಬಂಡೆಗಳ ಹತ್ತಿರ ದಿನಾ ಸಿಗುವ ಮೀನಿನದು.

ಇದು ಅಗಲ. ನೆಟ್ಟಗೆ. ಅಂಚಿನುದ್ದಕ್ಕೂ ಬೆರಳಿಗೆ ತಾಗುವ ಸಣ್ಣ ಗರಗಸ.

"ಈ ಮೀನು ನಮ್ಮ ಕಡಲಲ್ಲಿ ಇಲ್ಲ," ಅಂದೆ.

"ಇಲ್ಲದ ಮೀನು ಬಂದು ಕಚ್ಚಿತಾ?"

"ನಮ್ಮಜ್ಜನ ಕಾಲದಲ್ಲಿ ಇತ್ತಂತೆ. ನಾನು ಹುಟ್ಟಿದಾಗಿನಿಂದ ಉರುಳು ಹಾಕಿ ಶಾರ್ಕ್ ಹಿಡಿಯೋನು, ಒಂದನ್ನೂ ಕಂಡಿಲ್ಲ. ಈ ಹಲ್ಲು ಕಟ್ಟಿದ ಕತ್ತಿ ಊರಲ್ಲಿ ಇರೋದು ಒಂದೇ."

"ಯಾರದು?"

"ಕಬುನಾರೆದು."

ಅಕೋಯಾಳ ಕೈಯಲ್ಲಿದ್ದ ಒದ್ದೆ ಎಲೆ ಹಾಗೇ ನಿಂತಿತು. ಕಬುನಾರೆ ಕಡಲಲ್ಲಿ ಸತ್ತು ವರ್ಷಗಳೇ ಆಗಿದ್ದವು.

ನಾನು ಅವನ ಹಿಂಬಾಲಿಗನಾಗಿದ್ದೆ. ಕಾಳಗಕ್ಕೆ ಇಳಿಯುವ ವೀರ ಮೈತುಂಬ ತೆಂಗಿನ ನಾರಿನ ದಪ್ಪ ಕವಚ ತೊಡುತ್ತಾನೆ. ಬೆನ್ನ ಹಿಂದೆ ತಲೆಗಿಂತ ಎತ್ತರದ ಹಲಗೆ, ತಲೆಗೆ ಉಬ್ಬಿಸಿ ಒಣಗಿಸಿದ ಮುಳ್ಳುಮೀನಿನ ಟೊಪ್ಪಿಗೆ. ಅಷ್ಟೆಲ್ಲ ಹೊತ್ತವನಿಗೆ ಬಗ್ಗಲಿಕ್ಕೂ ಆಗದು, ತಿರುಗಲಿಕ್ಕೂ ಆಗದು. ಅವನ ಬೆನ್ನು ಕಾಯುವುದು, ಬಿದ್ದರೆ ಎತ್ತುವುದು ಹಿಂಬಾಲಿಗನ ಕೆಲಸ. ಕಬುನಾರೆಯ ಬೆನ್ನ ಹಿಂದೆ ನಾನು ಎಷ್ಟು ಕಾಲ ನಡೆದಿದ್ದೇನೆಂದರೆ, ಈಗಲೂ ಮರಳಲ್ಲಿ ಒಬ್ಬನೇ ನಡೆಯುವಾಗ ಮುಂದೊಬ್ಬ ಇದ್ದ ಹಾಗೇ ಹೆಜ್ಜೆ ತಡೆದು ಇಡುತ್ತೇನೆ.

ಅಕೋಯಾ ತೆಬಾನೊನ ಪಾದ ಎತ್ತಿ ಅಡಿ ನೋಡಿದಳು. ಕೂದಲು ಸರಿಸಿ ತಲೆಬುರುಡೆ ಸವರಿದಳು. ಬೆರಳ ತುದಿಗೆ ಅಂಟಿದ್ದನ್ನು ನನಗೆ ತೋರಿಸಿದಳು. ಬಿಳಿ ಹವಳದ ಒರಟು ಮರಳು, ಹೊರಗಡಲ ದಂಡೆಯದು.

"ಮುಖದ ತುಂಬ ಗುಂಡಿಯ ಕೆಸರು. ಅಂಗಾಲಲ್ಲಿ ಒಂದು ಚೂರೂ ಇಲ್ಲ," ಅಂದಳು. ಆಮೇಲೆ ಹೆಣದ ಕಿವಿಗೆ ಬಗ್ಗಿ, "ನೀನು ಗುಂಡಿಗೆ ಇಳಿಯಲೇ ಇಲ್ಲ, ಅಲ್ವಾ ಅಣ್ಣ? ಯಾರೋ ತಂದು ಹಾಕಿದ್ರು."

*

ಸಭಾಮನೆಯಲ್ಲಿ ಎಲ್ಲರೂ ತಮ್ಮ ತಮ್ಮ ಮನೆತನದ ಕಂಬದ ಅಡಿಯಲ್ಲಿ ಕೂತಿದ್ದರು. ನಡುವೆ ತಬೋಯಾ, ಕಟ್ಟಿದ ಕೈ.

ತೆಬಾನೊನ ಅಣ್ಣ ನಕಿಬಾಯ ಎದ್ದು ನಿಂತಿದ್ದ. ಎತ್ತರದ ಆಳು, ದನಿಯೂ ಎತ್ತರ. "ಕೊಂದವನ ನೆಲ ಸತ್ತವನ ಮನೆಗೆ. ಹಿಂದಿನಿಂದ ಬಂದದ್ದು, ನಾನು ಹೊಸದೇನೂ ಕೇಳ್ತಿಲ್ಲ. ಇವನ ತೆಂಗು, ಇವನ ಗುಂಡಿ, ಇವನ ದೋಣಿ."

"ನನ್ನ ಮಕ್ಕಳು ಏನು ಮಣ್ಣು ತಿನ್ನೋದಾ?" ತಬೋಯಾ ಕೂಗಿದ.

"ಮಣ್ಣೂ ನಮ್ಮದೇ ಆಗುತ್ತೆ ಕಣೋ."

ಯಾರೂ ನಗಲಿಲ್ಲ. ನೆಲ ಹೋದವನು ನಮ್ಮಲ್ಲಿ ಬೇರೆಯವರ ಅಂಗಳದಲ್ಲಿ ಚಾಕರಿಗೆ ನಿಲ್ಲುತ್ತಾನೆ. ಅವನ ಮಕ್ಕಳೂ ನಿಲ್ಲುತ್ತಾರೆ. ಸಭಾಮನೆಯಲ್ಲಿ ಅವನಿಗೆ ಕಂಬವಿಲ್ಲ.

ಹಿರಿಯ ಇಯೋವಾಬೊ ಕೈಯೆತ್ತಿ ಸುಮ್ಮನಾಗಿಸಿದ. "ತಬೋಯಾ, ನಿನ್ನೆ ಸಂಜೆ ಎಲ್ಲಿದ್ದೆ?"

"ಮರದ ಮೇಲೆ. ನೀರಾ ಇಳಿಸ್ತಾ ಹಾಡ್ತಿದ್ದೆ. ಹಾಡು ಕೇಳಿಲ್ವಾ ಯಾರೂ?"

"ಕೇಳಿತು. ಮಧ್ಯದಲ್ಲಿ ನಿಂತಿದ್ದೂ ಕೇಳಿತು," ಅಂದ ನಕಿಬಾಯ. "ಇಳಿದು ಬಂದು ನನ್ನ ತಮ್ಮನನ್ನು ಕಡಿದೆ."

ತಬೋಯಾ ತಲೆ ತಗ್ಗಿಸಿದ. ಆಮೇಲೆ ಸಣ್ಣ ದನಿಯಲ್ಲಿ, "ಹಾಡು ನಿಂತಿದ್ದು ಯಾಕೆ ಅಂದ್ರೆ... ಮರದ ಮೇಲಿಂದ ಕಂಡೆ. ಹೊರಗಡಲ ದಂಡೆಯಲ್ಲಿ, ಮೊಣಕಾಲು ನೀರಲ್ಲಿ, ಕವಚ ತೊಟ್ಟವನೊಬ್ಬ ನಡೀತಿದ್ದ. ತಲೇಲಿ ಮುಳ್ಳುಮೀನು. ಉತ್ತರದ ತುದಿ ಕಡೆಗೆ ಹೋಗ್ತಿದ್ದ. ಈ ಊರಲ್ಲಿ ಹಾಗೆ ನಡೆಯೋನು ಒಬ್ಬನೇ ಇದ್ದದ್ದು."

ಯಾರೋ ಒಬ್ಬ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದ.

"ಸತ್ತವನ ಮೇಲೆ ಹಾಕ್ತಿದೀಯ, ಹೇಡಿ!" ನಕಿಬಾಯ ಮುಂದೆ ನುಗ್ಗಿದ.

"ನಿಲ್ಲು," ಅಂದಳು ಅಕೋಯಾ. ಹೆಂಗಸರ ಸಾಲಿನಿಂದ ಎದ್ದು ಬಂದು ತಬೋಯಾನ ಕಟ್ಟು ಬಿಚ್ಚಿ, ಒಂದು ತೆಂಗಿನ ಗರಿಯ ದಿಂಡನ್ನು ಅವನ ಕೈಗೆ ಕೊಟ್ಟಳು. "ನಕಿಬಾಯಣ್ಣ, ನಿನ್ನ ತಮ್ಮ ನಿನ್ನಷ್ಟೇ ಎತ್ತರ ಅಲ್ವಾ? ಹಾಗೇ ನಿಂತಿರು. ತಬೋಯಾ, ಹೊಡಿ. ಹೆಗಲಿನ ಬುಡಕ್ಕೆ, ಮೇಲಿಂದ ಕೆಳಕ್ಕೆ."

ತಬೋಯಾ ಗಿಡ್ಡ. ತುದಿಗಾಲಲ್ಲಿ ನಿಂತ, ಕೈ ಚಾಚಿದ, ಒಂದು ಸಲ ನೆಗೆದೂ ನೋಡಿದ. ದಿಂಡು ನಕಿಬಾಯನ ತೋಳಿಗೆ ಬಡಿದು ಜಾರಿತು. ಈ ಸಲ ನಾಲ್ಕಾರು ಜನ ನಿಜವಾಗಿ ನಕ್ಕರು.

"ಗಾಯ ಮೇಲಿಂದ ಎದೆಮೂಳೆ ತನಕ ಇಳಿದಿದೆ," ಅಂದಳು ಅಕೋಯಾ.

"ತಮ್ಮ ಗುಂಡಿಯೊಳಗೆ ಇದ್ದ, ಇವನು ದಡದ ಮೇಲಿದ್ದ!"

"ಗುಂಡಿಗೆ ಇಳಿದವನ ಕಾಲಿಗೆ ಕೆಸರಾಗಬೇಕಲ್ಲ. ಬಂದು ನೋಡು. ಅವನ ತಲೇಲಿ ಹೊರಗಡಲ ಮರಳಿದೆ."

ಇಯೋವಾಬೊ ಅಕೋಯಾಳ ಕಡೆ ತಿರುಗಿದ. "ಹಾಗಾದ್ರೆ ಯಾರು?"

"ಸಂಜೆ ತನಕ ಸಮಯ ಕೊಡು."

"ಸೂರ್ಯ ಕಡಲಿಗೆ ಇಳಿಯೋ ಹೊತ್ತಿಗೆ ಹೆಸರು ಬೇಕು," ಅಂದ ಇಯೋವಾಬೊ. "ಇಲ್ಲದಿದ್ರೆ ಈ ಹೆಸರೇ ಇರುತ್ತೆ. ಜನ ಹೆದರಿದಾರೆ. ಹೆದರಿದವರನ್ನ ನಾನು ತುಂಬ ಹೊತ್ತು ಹಿಡಿದಿಡಲಾರೆ."

*

ಉತ್ತರದ ತುದಿಯಲ್ಲಿ ಕಬುನಾರೆಯ ಹೆಂಡತಿ ತೆರೆರೆಯ ಗುಡಿಸಲು ಒಂದೇ ಇರುವುದು. ಕೇದಗೆ ಮೆಳೆ ದಾಟಿದ ಮೇಲೆ ಊರಿನ ಸದ್ದು ಕೇಳಿಸದು. ಹೊರಗಡಲು ಬಂಡೆಗೆ ಅಪ್ಪಳಿಸುವ ಸದ್ದು ಮಾತ್ರ.

"ನೀನು ಯಾಕೆ ಹಿಂದೆ ಉಳೀತಿದೀಯ?" ಅಂದಳು ಅಕೋಯಾ.

"ಗಾಳಿ."

"ನನಗೂ ಅದೇ ಗಾಳಿ."

"ನೀನು ಅವನ ಜೊತೆ ಕಾಳಗಕ್ಕೆ ಹೋಗಿಲ್ಲ. ಅವನು ಬದುಕಿದ್ದಾಗಲೇ ತಡೆಯೋದು ಕಷ್ಟ ಇತ್ತು. ಸತ್ತ ಮೇಲೆ ಯಾರು ತಡೀತಾರೆ?"

ಅವಳು ಬಗ್ಗಿ ಮರಳು ನೋಡಿದಳು. ಗುಡಿಸಲಿನ ಮುಂದೆ ಹವಳದ ಬಿಳಿ ಹರಳು ಹೊಸದಾಗಿ ಹರಡಿತ್ತು. ಪಕ್ಕದ ಅಂಗಳವೆಲ್ಲ ಹಳೆಯದು, ಬೂದು ಬಣ್ಣ. ಒಂದು ಚಾಪೆಯಷ್ಟು ಜಾಗ ಮಾತ್ರ ಹೊಸದು.

ಹರಳನ್ನು ಕೈಯಿಂದ ಸರಿಸಿದಳು. ಕೆಳಗೆ ಕಂದು ಕಲೆ. ಮತ್ತೆ ಮುಚ್ಚಿದಳು. ನನ್ನ ಕಡೆ ನೋಡಿ ತುಟಿಗೆ ಬೆರಳಿಟ್ಟಳು.

"ಯಾರದು?" ಒಳಗಿಂದ ದನಿ.

"ನಾನು ತೆರೆರೆ ಅಕ್ಕ, ಅಕೋಯಾ. ಬಕೋವನೂ ಬಂದಿದಾನೆ."

"ಬನ್ನಿ. ಅವನಿಗೆ ಊಟ ಕೊಡ್ತಿದೀನಿ."

ಸೂರು ತಗ್ಗು, ಬಗ್ಗಿ ಒಳಗೆ ಹೋದೆವು. ಸುತ್ತ ಗೋಡೆಯಿಲ್ಲ, ಇಳಿಬಿಟ್ಟ ಚಾಪೆಗಳು ಮಾತ್ರ. ನಡುವೆ ಒಂದು ಸಣ್ಣ ಜಗಲಿ. ಅದರ ಮೇಲೆ ಎಲೆಯ ಹಾರ ಹಾಕಿದ, ಎಣ್ಣೆ ಸವರಿ ಹೊಳೆಯುವ ತಲೆಬುರುಡೆ. ತೆರೆರೆ ಅದರ ಬಾಯಿಗೆ ಕಾಯಿಸಿದ ನೀರಾದ ಪಾಕ ಸವರುತ್ತಿದ್ದಳು. ನಮ್ಮ ಮನೆಗಳಲ್ಲೂ ಹಿರಿಯರ ಬುರುಡೆಗಳಿವೆ, ನಾವೂ ತಿನ್ನಿಸುತ್ತೇವೆ. ಆದರೆ ನಮ್ಮ ಮನೆಯ ಚಿಪ್ಪಿನಲ್ಲಿ ಪಾಕ ಇಟ್ಟದ್ದು ಇಟ್ಟ ಹಾಗೇ ಇರುತ್ತದೆ. ಇಲ್ಲಿ ಜಗಲಿಯ ಕೆಳಗಿನ ದೊಡ್ಡ ಚಿಪ್ಪು ಖಾಲಿಯಾಗಿತ್ತು. ಬೆರಳಿನಿಂದ ಬಳಿದು ತಿಂದ ಗೆರೆಗಳಿದ್ದವು. ಪಕ್ಕದಲ್ಲಿ ಮೀನಿನ ಮುಳ್ಳು.

ಕಂಬಕ್ಕೆ ಕವಚ ನೇತು ಹಾಕಿತ್ತು. ಮೇಲೆ ಮುಳ್ಳುಮೀನಿನ ಟೊಪ್ಪಿಗೆ. ಹೊರಗಿನ ಬೆಳಕಿಗೆ ಬೆನ್ನು ಹಾಕಿ ಅವನೇ ನಿಂತ ಹಾಗಿತ್ತು.

"ತೆಬಾನೊ ಸತ್ತಿದ್ದು ಗೊತ್ತಾಯ್ತಾ ಅಕ್ಕ?"

"ಗಾಳಿಯಲ್ಲಿ ಅಳು ಕೇಳಿತು."

"ಕತ್ತಿ ನೋಡಬಹುದಾ?"

ತೆರೆರೆ ಅವಳನ್ನು ದಿಟ್ಟಿಸಿದಳು. ಬೇಡ ಅನ್ನಲು ಕಾರಣ ಸಿಗಲಿಲ್ಲವೋ ಏನೋ, ಗದ್ದ ಎತ್ತಿ ಸೂರಿನ ಕಡೆ ತೋರಿಸಿದಳು.

ಅಕೋಯಾ ಕತ್ತಿ ಇಳಿಸಿಕೊಂಡು ಬೆಳಕಿನ ಕಡೆ, ಕಡಲ ಬದಿಯ ಚಾಪೆಯ ಅಂಚಿಗೆ ಹೋಗಿ ಕೂತಳು. ಅಗಲದ, ಗರಗಸದಂಚಿನ ಹಲ್ಲುಗಳ ಸಾಲು. ತುದಿಯ ಹತ್ತಿರ ಒಂದು ಹಲ್ಲು ಮಾತ್ರ ಸಣ್ಣದು, ಬಾಗಿದ್ದು. ಉಳಿದ ದಾರಗಳೆಲ್ಲ ಹೊಗೆ ಹಿಡಿದು ಕಪ್ಪಾಗಿದ್ದರೆ ಆ ಒಂದು ದಾರ ಹಸಿ ನಾರಿನ ಬಣ್ಣ. ಅದರೊಳಗೆ ಹೊಸೆದ ಕೂದಲು ಬೆಳ್ಳಗಿತ್ತು.

ತೆರೆರೆಯ ತಲೆ ಪೂರಾ ಬಿಳಿ.

ಅಕೋಯಾ ಸೊಂಟದ ಎಲೆಗಂಟಿನಿಂದ ಹೆಣದಲ್ಲಿ ಸಿಕ್ಕ ಹಲ್ಲು ತೆಗೆದು ಪಕ್ಕದ ಹಲ್ಲಿನ ಜೊತೆ ಹಿಡಿದಳು. ಒಡಹುಟ್ಟಿದವು.

"ಇದನ್ನ ನೀನೇ ಕಟ್ಟಿದ್ದಾ ಅಕ್ಕ?"

"ಹಳೇದು ಬಿದ್ದುಹೋಯ್ತು."

"ಎಲ್ಲಿ?"

"ಎಲ್ಲೋ."

"ತೆಬಾನೊನ ಹೆಗಲಲ್ಲಿ ಬಿದ್ದಿತ್ತು."

ತೆರೆರೆ ಬುರುಡೆಯ ಬಾಯಿ ಒರೆಸಿದಳು. ಕೈ ಅಲುಗಲಿಲ್ಲ. "ಹಾಗಾದ್ರೆ ಇವನೇ ಹೋಗಿರಬೇಕು. ಸತ್ತವರು ಸುತ್ತಾಡಲ್ವಾ? ಸಿಟ್ಟಿದ್ರೆ ಹೋಗ್ತಾರೆ. ಹೋಗಿ ಸಭಾಮನೆಯಲ್ಲಿ ಹೇಳು. ಸತ್ತವನ ನೆಲ ಯಾರೂ ಕಿತ್ತುಕೊಳ್ಳಲ್ಲ."

ನಾನು ಕವಚದ ಹತ್ತಿರ ಹೋಗಿದ್ದೆ. ಹೋಗಬೇಕು ಅಂತ ಹೋದದ್ದಲ್ಲ. ಕಾಲು ತಾನೇ ಹೋಯಿತು. ಕೆಳಗಿನ ಅಂಚು ಮುಟ್ಟಿದೆ. ಒದ್ದೆ. ನಾರಿನ ನಡುವೆ ಉಪ್ಪು ಬೆಳ್ಳಗೆ ಕೂತಿತ್ತು. ಕುತ್ತಿಗೆಯ ಜಾಗಕ್ಕೆ ಮೂಗು ತಂದೆ.

ಬೆವರು. ಹಳೆಯ ನೆನಪಿನ ವಾಸನೆಯಲ್ಲ, ನಿನ್ನೆಯ ಬೆವರು. ಎಷ್ಟೋ ಮಧ್ಯಾಹ್ನ ಆ ವಾಸನೆಯ ಹಿಂದೆ ನಡೆದ ನನಗೆ ಅದು ಯಾರದು ಅಂತ ಯಾರೂ ಹೇಳಬೇಕಾಗಿರಲಿಲ್ಲ.

"ಅಕೋಯಾ, ಹೋಗೋಣ," ಅಂದೆ. "ಇಲ್ಲಿ ಅವನಿದ್ದಾನೆ."

"ಇದ್ರೆ ಒಳ್ಳೇದೇ. ಹಿಂಬಾಲಿಗ ಬಂದು ವೀರನ ತಲೆಗೆ ಎಣ್ಣೆ ಹಚ್ಚದೆ ಹೋಗ್ತಾನಾ? ಹಚ್ಚು."

"ಬೇಡ." ತೆರೆರೆಯ ದನಿ ಮೊದಲ ಸಲ ಏರಿತು. "ಅವನನ್ನ ನಾನೊಬ್ಬಳೇ ಮುಟ್ಟೋದು."

"ಬೆನ್ನು ಕಾದವನಿಗೂ ಹಕ್ಕಿದೆ ಅಕ್ಕ. ಬೇಕಿದ್ರೆ ಇಯೋವಾಬೊನನ್ನೇ ಕರೆದು ಕೇಳೋಣ. ಊರೂ ಬರಲಿ."

ತೆರೆರೆ ಎಣ್ಣೆಯ ಚಿಪ್ಪನ್ನು ನೆಲದ ಮೇಲಿಟ್ಟು ನನ್ನ ಕಡೆ ನೂಕಿದಳು.

ನಾನು ಬುರುಡೆಯನ್ನು ತೊಡೆಯ ಮೇಲೆ ತೆಗೆದುಕೊಂಡೆ. ಮನಸ್ಸಿನಲ್ಲೇ, ಅಣ್ಣ, ನಾನು ಬಕೋವ, ನನ್ನ ಮೇಲೆ ಸಿಟ್ಟಾಗಬೇಡ, ಅಂದೆ. ಹಿಂದಲೆಗೆ ಹಚ್ಚಿದೆ. ನೆತ್ತಿಗೆ ಹಚ್ಚಿದೆ. ಹೆಬ್ಬೆರಳು ಎಡ ಹುಬ್ಬಿನ ಮೇಲೆ ಜಾರಿತು.

ಮತ್ತೆ ಜಾರಿಸಿ ನೋಡಿದೆ.

ನಾನು ಕೊನೆಯ ಸಲ ಅವನ ಬೆನ್ನು ಕಾದ ಕಾಳಗದಲ್ಲಿ ಕವಣೆ ಕಲ್ಲು ಬಂದು ಟೊಪ್ಪಿಗೆಯ ಅಂಚಿನ ಕೆಳಗೆ ಕಬುನಾರೆಯ ಎಡ ಹುಬ್ಬಿಗೆ ಬಡಿದಿತ್ತು. ಮೂಳೆ ಒಳಕ್ಕೆ ಕುಸಿದಿತ್ತು. ದೋಣಿಯಲ್ಲಿ ಮನೆ ಮುಟ್ಟುವ ತನಕ ಆ ಕುಳಿಯನ್ನು ನನ್ನ ಅಂಗೈಯಿಂದ ಒತ್ತಿ ಹಿಡಿದಿದ್ದೆ. ಗಾಯ ಮಾಯಿತು, ಕುಳಿ ಹೋಗಲಿಲ್ಲ. ಅವನ ಹುಬ್ಬಿನಲ್ಲಿ ಮಳೆನೀರು ನಿಲ್ಲುತ್ತದೆ ಅಂತ ನಾವು ಅವನನ್ನು ಕಾಡಿಸುತ್ತಿದ್ದೆವು.

ಈ ಹುಬ್ಬು ಮೊಟ್ಟೆಯ ಹಾಗೆ ನುಣುಪಾಗಿತ್ತು.

"ಏನಾಯ್ತು?" ಅಂದಳು ಅಕೋಯಾ. ನನ್ನ ಮುಖ ಕಂಡು ಕತ್ತಿಯನ್ನು ಚಾಪೆಯ ಅಂಚಿನಲ್ಲೇ ಬಿಟ್ಟು ಎದ್ದು ಬಂದಳು.

"ಇದು ಕಬುನಾರೆ ಅಲ್ಲ."

ಅಲೆ ಬಂದು ಬಂಡೆಗೆ ಬಡಿದು ಹಿಂದಕ್ಕೆ ಹೋಯಿತು. ತೆರೆರೆ ಕಣ್ಣು ಮುಚ್ಚಿದಳು.

"ಮೆಲ್ಲಗೆ ಇಡು ಬಕೋವ," ಅಂದಳು. "ಯಾರೋ ಹೆತ್ತ ಮಗ ಅದು."

ಕಬುನಾರೆ ಕೊನೆಯ ಸಲ ಕಡಲಿಗೆ ಇಳಿದ ದೋಣಿಯಲ್ಲಿ ಇಬ್ಬರಿದ್ದರು. ಇನ್ನೊಬ್ಬ ಅಕೋಯಾಳ ತಮ್ಮ ಕೌರೆ. ದೋಣಿ ಬರಲಿಲ್ಲ. ತಿಂಗಳೊಂದು ಕಳೆದ ಮೇಲೆ ಒಂದೇ ಹೆಣ ಈ ತುದಿಯ ಮರಳಿಗೆ ಬಂದು ಬಿದ್ದಿತ್ತು. ಮುಖವನ್ನು ಮೀನು ತಿಂದಿದ್ದವು. ಇದು ನನ್ನ ಗಂಡನ ಸೊಂಟಪಟ್ಟಿ, ಇದು ನನ್ನ ಗಂಡ ಅಂತ ತೆರೆರೆ ಹೆಣದ ಮೇಲೆ ಬಿದ್ದು ಅತ್ತಿದ್ದಳು. ಗಂಡನ ಹೆಣ ತಾನೇ ತೊಳೆಯುತ್ತೇನೆ ಅಂತ ಹಟ ಹಿಡಿದು ಅಕೋಯಾಳನ್ನು ಹತ್ತಿರ ಬಿಟ್ಟಿರಲಿಲ್ಲ. ಅಕೋಯಾ ಬರಿಗೈಯಲ್ಲಿ ಮನೆಗೆ ಬಂದಿದ್ದಳು.

ಅವಳು ಈಗ ನನ್ನ ತೊಡೆಯಿಂದ ಬುರುಡೆಯನ್ನು ಎತ್ತಿಕೊಂಡಳು. ಹೆಬ್ಬೆರಳನ್ನು ಮೇಲಿನ ಹಲ್ಲುಗಳ ಮೇಲೆ ಒಂದೊಂದಾಗಿ ನಡೆಸಿದಳು. ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಅಲ್ಲಿ ಬೆರಳು ನಿಂತಿತು.

ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಎಲೆಯ ಹಾರ ತೆಗೆದು ಪಕ್ಕಕ್ಕಿಟ್ಟಳು. ತನ್ನ ಕೂದಲು ಬಿಚ್ಚಿ, ಅದರ ತುದಿಯಿಂದ ಬುರುಡೆಯ ಬಾಯಿಗೆ ಅಂಟಿದ್ದ ಪಾಕವನ್ನು ಒರೆಸಿದಳು.

"ಯಾರೋ ಹೆತ್ತ ಮಗ ಅಲ್ಲ ಅಕ್ಕ," ಅಂದಳು. "ನಮ್ಮಮ್ಮ ಹೆತ್ತ ಮಗ. ಇಷ್ಟು ವರ್ಷ ನಿನ್ನ ಗಂಡನ ಹೆಸರು ಕರೆದು ಇವನಿಗೆ ತಿನ್ನಿಸಿದೆ."

"ಹಸಿದು ಇರಲು ಬಿಡಲಿಲ್ಲ," ಅಂದಳು ತೆರೆರೆ. "ಒಂದು ದಿನವೂ ಬಿಡಲಿಲ್ಲ."

"ದೋಣಿಯಲ್ಲಿ ಏನಾಯ್ತು?"

"ನಾನು ದೋಣಿಯಲ್ಲಿರಲಿಲ್ಲ."

"ನಿನಗೆ ಗೊತ್ತು."

"ಬಂದವನು ಹೇಳಿದಷ್ಟು ಗೊತ್ತು. ಅದನ್ನ ನೀನು ಕೇಳಬೇಡ. ಕೇಳಿದ್ರೆ ಇವನನ್ನ ನೀನು ಮತ್ತೆ ತೊಡೆ ಮೇಲೆ ಇಟ್ಕೊಳ್ಳಲಾರೆ."

ಅಕೋಯಾ ಬುರುಡೆಯನ್ನು ಎದೆಗೆ ಒತ್ತಿಕೊಂಡಳು. ಆದರೆ ದನಿ ಹೆಣ ತೊಳೆಯುವಾಗಿನ ದನಿಯೇ. "ನಿನ್ನ ಗಂಡ ಎಲ್ಲಿ ಅಕ್ಕ?"

"ತೆಬಾನೊನೂ ನಿನ್ನೆ ಇದೇ ಕೇಳಿದ. ಮೀನು ಬೇಕಾ ಅಂತ ಕೇಳಲಿಕ್ಕೆ ಬಂದವನು ಆ ಚಿಪ್ಪು ನೋಡಿದ, ಮುಳ್ಳು ನೋಡಿದ, ನಕ್ಕು ಕೇಳಿದ. ಜೋರಾಗಿ ಕೇಳಿದ. ಮೆಲ್ಲಗೆ ಕೇಳಿದ್ದರೆ..."

ಅವಳು ಖಾಲಿ ಚಿಪ್ಪನ್ನು ಬೋರಲು ಹಾಕಿ, "ಹೆಣವನ್ನ ಅವನೇ ಹೊತ್ತು ಹೋಗಿ ಗುಂಡಿಗೆ ಹಾಕಿ ಬಂದ," ಅಂದಳು.

"ಕರಿ ಅವನನ್ನ," ಅಂದಳು ಅಕೋಯಾ. "ನಾನು ಎಲ್ಲೂ ಹೋಗಲ್ಲ. ನನ್ನ ತಮ್ಮನ ಎದುರಿಗೆ ಬಂದು ಕೂತು ಹೇಳಲಿ."

ತೆರೆರೆ ಮುಂದೆ ಬಾಗಿ ಅಕೋಯಾಳ ಮೊಣಕೈ ಹಿಡಿದುಕೊಂಡಳು. ಆ ಮುಖದಲ್ಲಿ ನಾನು ಮೊದಲ ಸಲ ಹೆದರಿಕೆ ಕಂಡೆ. ನಮ್ಮ ಹೆದರಿಕೆ ಅಲ್ಲ. ದಿನಾ ಅದರ ಜೊತೆ ಮಲಗಿ ಎದ್ದವಳ ಹೆದರಿಕೆ.

"ಜೋರಾಗಿ ಮಾತಾಡಬೇಡ," ಪಿಸುಗುಟ್ಟಿದಳು. "ಕವಚ ತೊಟ್ಟಾಗ ಅವನಿಗೆ ಎಲ್ಲರೂ ವೈರಿಗಳೇ. ಬಿಚ್ಚಿದಾಗ ಮಗುವಿನ ಹಾಗೆ ಅಳ್ತಾನೆ. ಈಗೀಗ ಬಿಚ್ಚಿದಾಗಲೂ ಗುರುತು ಹತ್ತಲ್ಲ. ನಾನು ಯಾರು ಅಂತ ಕೇಳ್ತಾನೆ."

ಕವಚ ಕಂಬದ ಮೇಲೇ ಇತ್ತು. ನೋಡಿದೆ. ಟೊಪ್ಪಿಗೆಯೂ ಇತ್ತು.

ಹಾಗೇ ಕಣ್ಣು ಕಡಲ ಬದಿಯ ಚಾಪೆಗೆ ಹೋಯಿತು. ಅದರ ಕೆಳಗಿನ ಅಂಚು ಒಂದು ಗೇಣು ಮೇಲೆದ್ದಿತ್ತು, ಯಾರೋ ಹೊರಗಿನಿಂದ ಎತ್ತಿ ಹಿಡಿದ ಹಾಗೆ.

ಅಕೋಯಾ ಅಲ್ಲಿ ಬಿಟ್ಟು ಬಂದಿದ್ದ ಕತ್ತಿ ಇರಲಿಲ್ಲ.